ನಾಲ್ಕು ಬೆರಳು, ಐದು ಜವೆ ಮಳೆ

ಇದನ್ನು ಓದುವವರಲ್ಲಿ ಕೆಲವರು ಈಗಾಗಲೇ ತುಟಿ ಓರೆ ಮಾಡಿರುತ್ತಾರೆ, ಗೊತ್ತು. ಮಾಡಲಿ. ನಾನೂ ಅಂಥವನೇ ಇದ್ದೆ. ಯಾರಾದರೂ ದೆವ್ವ ಕಂಡೆ ಎಂದರೆ "ಅದಕ್ಕೆ ನಿಮ್ಮ ಮನೆಯ ವಿಳಾಸ ಕೊಟ್ಟವರು ಯಾರು?" ಎಂದು ಕಾಡುತ್ತಿದ್ದೆ. ಆದರೆ ನಾನು ಹೇಳುವುದರಲ್ಲಿ ದೆವ್ವವೇ ಇಲ್ಲ. ಎರಡು ಪುಸ್ತಕ ಇವೆ, ಒಂದು ಕಲ್ಲಿನ ಬಟ್ಟಲು ಇದೆ, ಒಂದು ಮಳೆ ಇದೆ... ಆ ಮಳೆ ಬೀಳಲೇ ಇಲ್ಲ ಎಂದು ನನ್ನಷ್ಟು ಖಾತ್ರಿಯಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಯಾಕೆಂದರೆ ಅದನ್ನು ಬರೆದವನು ನಾನೇ.

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಾನು ಸವಣೂರಿನ ಒಂದು ಸಣ್ಣ ಕಚೇರಿಯಲ್ಲಿ ಕಾರಕೂನನಾಗಿದ್ದೆ. ನನ್ನ ಹತ್ತೆಂಟು ಕೆಲಸಗಳಲ್ಲಿ ಮಳೆ ಅಳೆಯುವುದೂ ಒಂದು. ಕಚೇರಿಯ ಹಿಂದೆ ಬೇಲಿಯೊಳಗೆ ಮಳೆಮಾಪಕ ಹುಗಿದಿದ್ದರು. ಮೇಲೆ ತಗಡಿನ ಲಾಳಿಕೆ, ಒಳಗೊಂದು ಸೀಸೆ. ದಿನಾ ಬೆಳಿಗ್ಗೆ ಎಂಟಕ್ಕೆ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅದರ ನಕಲು ಟಪಾಲಿನಲ್ಲಿ ಮೇಲಿನವರಿಗೆ ಹೋಗಬೇಕು. ಅಷ್ಟೇ. ಕೂಸಿಗೂ ಬರುವ ಕೆಲಸ.

ಸೆಪ್ಟೆಂಬರಿನ ಹುಬ್ಬಿ ಮಳೆಯ ದಿನಗಳಲ್ಲಿ ಹಿರೇಕೆರೂರಿನಿಂದ ಕಾಗದ ಬಂತು. ಚೊಚ್ಚಲ ಹೆರಿಗೆಗೆ ಹೋಗಿದ್ದ ಹೆಂಡತಿಗೆ ನೋವು ಜಾಸ್ತಿಯಾಗಿದೆ, ಕೂಡಲೇ ಬರಬೇಕು ಎಂದು. ರಜೆ ಕೊಡುವ ಸಾಹೇಬರು ಊರಲ್ಲಿರಲಿಲ್ಲ. ಯಾರಿಗೂ ಹೇಳದೆ, ರಿಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಹೊರಟುಬಿಟ್ಟೆ. ಒಂಬತ್ತು ದಿನ ಅಲ್ಲೇ ಉಳಿದೆ. ಮಗಳು ಹುಟ್ಟಿದಳು. ಹೆಂಡತಿ ಬದುಕಿದಳು. ಹೇಳದೆ ಹೋದದ್ದಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಡುವುದಿಲ್ಲ.

ಪಶ್ಚಾತ್ತಾಪ ಇರುವುದು ಬೇರೆಯದಕ್ಕೆ. ಹಿರೇಕೆರೂರಿನಲ್ಲಿ ಮಳೆ ಹೆಂಚು ಒಡೆಯುವ ಹಾಗೆ ಹೊಯ್ಯುತ್ತಿತ್ತು. ಇಲ್ಲಿ ಇಷ್ಟು ಬರುತ್ತಿದ್ದರೆ ಸವಣೂರಿನಲ್ಲಿ ಸ್ವಲ್ಪವಾದರೂ ಬಂದೇ ಇರುತ್ತದೆ ಎಂದುಕೊಂಡೆ. ಮಾವನ ಮನೆಯ ಕಟ್ಟೆಯ ಮೇಲೆ ಕುಳಿತು, ಅಲ್ಲಿನ ಆಕಾಶ ನೋಡಿ ಸವಣೂರಿನ ಮಳೆ ಬರೆದೆ. ಒಂದು ದಿನ ತೊಂಬತ್ತನಾಲ್ಕು ಸೆಂಟು. ಒಂದು ದಿನ ಸೊನ್ನೆ. ಶುಕ್ರವಾರ ಬೆಳಿಗ್ಗೆಯ ಸಾಲಿಗೆ ಮೂರು ಇಂಚು ನಲವತ್ತೇಳು ಸೆಂಟು. ಐವತ್ತು ಎಂದರೆ ಸುಳ್ಳು ಕಾಣುತ್ತದೆ, ನಲವತ್ತೇಳಕ್ಕೆ ಒಂದು ಮುಖಕಳೆ ಇದೆ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ! ಸವಣೂರಿಗೆ ಬಂದು ಮೋಟಾರಿನಿಂದ ಇಳಿದವನೇ ನಕಲನ್ನು ಟಪಾಲು ಪೆಟ್ಟಿಗೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಮಳೆಮಾಪಕದ ಸೀಸೆ ಎತ್ತಿದರೆ... ಒಣಗಿದೆ. ತಳದಲ್ಲಿ ಧೂಳು, ಧೂಳಿನಲ್ಲಿ ಒಂದು ಸತ್ತ ಇರುವೆ. ಆ ಸೀಸೆಯ ಕತ್ತು ಸಣ್ಣದು. ಬಿದ್ದ ನೀರು ಒಂಬತ್ತು ದಿನದಲ್ಲಿ ಆರುವುದಲ್ಲ. ಒಂಬತ್ತು ದಿನವೂ ಸವಣೂರಿನಲ್ಲಿ ಹನಿ ಬಿದ್ದಿರಲಿಲ್ಲ. ತಿದ್ದಬೇಕೆಂದರೆ ಕೇಳದೆ ಊರು ಬಿಟ್ಟದ್ದನ್ನೂ ಹೇಳಬೇಕು. ಬಾಯಿ ಮುಚ್ಚಿಕೊಂಡೆ.

ಎಂಟು ತಿಂಗಳು ಕಳೆಯಿತು. ಬೇಸಿಗೆ ಬಂತು, ಹೊಸ ಸಾಹೇಬರೂ ಬಂದರು. ಆಗಲೇ ಫಕ್ಕೀರಪ್ಪನ ಮೇಲೆ ದೂರು ಬಂದದ್ದು.

ಫಕ್ಕೀರಪ್ಪ ನೀರಗಂಟಿ. ಊರಿಂದ ಮೂರು ಮೈಲಿ ದೂರದ ಕೆರೆಯ ತೂಬು ಎತ್ತಿ ಇಳಿಸಿ ಎಲೆಬಳ್ಳಿಯ ತೋಟಗಳಿಗೆ ನೀರು ಹಂಚುವುದು ಅವನ ಕೆಲಸ. ಅಪ್ಪ, ಅಜ್ಜ ಮಾಡಿದ ಕೆಲಸ. ಕೆರೆ ಏರಿಯ ಮೇಲಿನ ಮನೆಯೂ ಕೆಲಸದ ಜೊತೆಗೇ ಬಂದದ್ದು. ಆ ವರ್ಷ ಕೆರೆ ಬೇಗ ಬತ್ತಿತು. ಫಕ್ಕೀರಪ್ಪ ರಾತ್ರಿ ಕದ್ದು ನೀರು ಬಿಟ್ಟಿದ್ದಾನೆ ಎಂದು ಯಾರೋ ಅರ್ಜಿ ಬರೆದರು. ಸಾಹೇಬರು ನನ್ನ ರಿಜಿಸ್ಟರ್ ತರಿಸಿದರು.

"ಹುಬ್ಬಿ ಮಳಿಯೊಳಗ ಒಂದ ರಾತ್ರಿ ಮೂರೂವರಿ ಇಂಚು ಬಂದೈತಿ. ಆ ನೀರು ಎಲ್ಲಿ ಹೋತು?" ಎಂದು ಕೇಳಿದರು.

"ಆ ರಾತ್ರಿ ಮಳಿ ಬಂದಿಲ್ರಿ ಸಾಹೇಬ್ರ," ಎಂದ ಫಕ್ಕೀರಪ್ಪ. "ನಾ ತೂಬಿನ ಮಗ್ಗಲಕ್ಕ ಮಲಗಾಂವ. ನನಗ ಗೊತ್ತಾಗೂದಿಲ್ಲೇನ್ರಿ?"

ಊರವರನ್ನು ಕೇಳಿದರೆ ಒಬ್ಬ ಬಂದಿತ್ತು ಎಂದ, ಒಬ್ಬ ಇಲ್ಲ ಎಂದ. ಎಂಟು ತಿಂಗಳ ಹಿಂದಿನ ಒಂದು ರಾತ್ರಿ ಯಾರಿಗೆ ನೆನಪಿರುತ್ತದೆ? ಹುಬ್ಬಿ ಮಳೆಯೆಂದರೆ ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ತೊಯ್ಯದ ಮಳೆ. "ಬಾಯಿಮಾತು ಬ್ಯಾಡ, ಬರದದ್ದು ತೋರಸ್ರಿ," ಎಂದರು ಸಾಹೇಬರು.

ಫಕ್ಕೀರಪ್ಪ ಕೈಮುಗಿದ. "ಹುಸೇನಬಿ ಅವ್ವನ ಪುಸ್ತಕ ನೋಡ್ರಿ. ಆ ಮನಿತನದವರು ನಾಕ ತಲಿಯಿಂದ ಮಳಿ ಬರಕೋಂತ ಬಂದಾರ. ಅದರಾಗ ಮಳಿ ಅಂತ ಇತ್ತಂದ್ರ ನಾ ಕಳ್ಳ. ಮನಿ ಬಿಟ್ಟು ಹೋಗ್ತೇನಿ."

ಸಾಹೇಬರ ಮುಖ ಅರಳಿತು. ಹಳೆಯ ಕಾಲದ ಮಳೆಯ ಬರಹ ಎಲ್ಲೆಲ್ಲಿದೆಯೋ ಹುಡುಕಿ, ಕಚೇರಿಯ ಅಂಕಿಗಳ ಜೊತೆ ಒಂದೇ ತಖ್ತೆಯಲ್ಲಿ, ಅಂದರೆ ಪಟ್ಟಿಯಲ್ಲಿ, ಕೂಡಿಸಿ ಕಳಿಸಿರಿ ಎಂದು ಮೇಲಿನಿಂದ ಹುಕುಂ ಬಂದು ಬಹಳ ದಿನವಾಗಿತ್ತು. ಮಳೆಗೆ ಏನಾದರೂ ಸುತ್ತು ಇದೆಯೇ ಎಂದು ಯಾರೋ ದೊಡ್ಡವರು ಲೆಕ್ಕ ಹಾಕುತ್ತಿದ್ದರಂತೆ. ಒಂದೇ ಕಲ್ಲಿಗೆ ಎರಡು ಹಕ್ಕಿ. "ಕಾರಕೂನರ, ನೀವ ಹೋಗಿ ಬರಕೊಂಡ ಬರ್ರಿ. ನಾಳೆ ತೀರ್ಪು ಮಾಡೋಣು," ಎಂದು ನನ್ನ ಕಡೆ ನೋಡಿದರು.

ಕಳ್ಳನನ್ನೇ ಸಾಕ್ಷಿ ತರಲು ಕಳಿಸಿದ ಹಾಗಾಯಿತು.

ದೊಡ್ಡಹುಣಸೆ ಮರಗಳನ್ನು ದಾಟಿ, ಕೆರೆಯ ಕೆಳಗಿನ ಹುಸೇನಬಿಯ ಎಲೆತೋಟದ ದಾರಿ ಹಿಡಿದೆ. ಆ ಪುಸ್ತಕದಲ್ಲಿ ಮಳೆ ಇರುವುದು ಸಾಧ್ಯವೇ ಇಲ್ಲ. ಇಲ್ಲ ಎಂದು ಬರೆದುಕೊಂಡು ಬಂದರೆ ಫಕ್ಕೀರಪ್ಪ ಉಳಿಯುತ್ತಾನೆ, ನಾನು ಹೋಗುತ್ತೇನೆ. ಇದೆ ಎಂದು ಸುಳ್ಳು ಬರೆದರೆ ನಾನು ಉಳಿಯುತ್ತೇನೆ. ಮನೆಯಲ್ಲಿ ಎಂಟು ತಿಂಗಳ ಕೂಸು. ಮೂರು ಮೈಲಿಯಲ್ಲಿ ಮೂವತ್ತು ಸಲ ಮನಸ್ಸು ಬದಲಿಸಿದೆ. ತೋಟದ ಬೇಲಿ ಕಂಡಾಗ, ಆಗಿದ್ದಾಗಲಿ, ಇದ್ದದ್ದನ್ನೇ ಬರೆಯುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಇದನ್ನು ನೀವು ನಂಬಲೇಬೇಕು.

ಎಲೆತೋಟದಲ್ಲಿ ಹೊತ್ತು ಮುಳುಗುವ ಮೊದಲೇ ಕತ್ತಲು. ಚೊಗಚಿ ಗಿಡಗಳಿಗೆ ಹಬ್ಬಿದ ಬಳ್ಳಿಗಳು ಬೆಳಕನ್ನು ಒಳಗೆ ಬಿಡುವುದಿಲ್ಲ. ಹುಸೇನಬಿ ಪಡಸಾಲೆಯಲ್ಲಿ ಕುಳಿತು ಎಲೆ ಜೋಡಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಗಂಡ, ಮಕ್ಕಳಿಲ್ಲ. ಕಣ್ಣು ಮಾತ್ರ ಸೂಜಿ.

"ಬರ್ರಿ ಕಾರಕೂನರ, ಕುಂದರ್ರಿ. ಎಲಿ ಬೇಕೋ, ಮಳಿ ಬೇಕೋ?" ಎಂದು ನಕ್ಕಳು.

ಪುಸ್ತಕಗಳು ಒಂದಲ್ಲ, ಏಳಿದ್ದವು. ಚರ್ಮದ ರಟ್ಟು, ಕರ್ಪೂರದ ವಾಸನೆ. ಅವಳ ಮುತ್ತಜ್ಜನ ಕಾಲದಿಂದ ಉರ್ದು ಅಕ್ಷರದಲ್ಲಿ ಬರೆದ ಮಳೆ. ನನಗೆ ಆ ಅಕ್ಷರ ಬಾರದು. ಅವಳೇ ಓದಿ ಹೇಳಬೇಕು.

ಅಂಗಳದ ನಡುವೆ ಕರೀಕಲ್ಲಿನ ಬಟ್ಟಲಿತ್ತು. ಒಳಗೋಡೆ ನೆಟ್ಟಗೆ, ಅದರ ಮೇಲೆ ಬೆರಳಗಲಕ್ಕೊಂದು ಗೆರೆ. ಪ್ರತಿ ಬೆರಳಿನೊಳಗೆ ಎಂಟು ಸಣ್ಣ ಗೆರೆ, ಜವೆಗೋಧಿಯ ಕಾಳಿನಗಲ. ಮಳೆ ಬಂದರೆ ಬಟ್ಟಲಿನಲ್ಲಿ ಬೆರಳಿಟ್ಟು, ಇಷ್ಟು ಬೆರಳು, ಇಷ್ಟು ಜವೆ ಎಂದು ಬರೆಯುವುದು. ನನ್ನ ಅಳತೆಕೋಲು ಇಟ್ಟು ನೋಡಿದೆ. ಒಂದು ಬೆರಳಿಗೆ ಸರಿಯಾಗಿ ಮುಕ್ಕಾಲು ಇಂಚು. ಕಲ್ಲು ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.

ಹಳೆಯ ವರ್ಷಗಳನ್ನು ಮೊದಲು ಬರೆಸಿದಳು. ನನ್ನ ಕಿವಿ ಅಲ್ಲಿರಲಿಲ್ಲ. ಕೊನೆಗೆ ತಡೆಯಲಾರದೆ, ಹೋದ ಹುಬ್ಬಿ ಮಳೆಯ ಒಂಬತ್ತು ದಿನ ಓದಿರೆಂದು ಕೇಳಿದೆ. ನನ್ನ ರಿಜಿಸ್ಟರು ಚೀಲದಲ್ಲೇ ಇತ್ತು. ಅವಳು ಅದನ್ನು ನೋಡಿರಲಿಲ್ಲ, ನಾನು ಬಾಯಿ ಬಿಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ.

ಅವಳು ಹಾಳೆ ತಿರುವಿದಳು. "ಶಾಬಾನ್ ತಿಂಗಳು... ಹಾಂ. ಬುಧವಾರ, ಒಂದ ಬೆರಳು ಎರಡ ಜವಿ. ಗುರುವಾರ ಏನಿಲ್ಲ. ಶುಕ್ರವಾರ... ನಾಕ ಬೆರಳು, ಐದ ಜವಿ."

ನನ್ನ ಲೇಖಣಿ ನಿಂತಿತು. ಮಳೆಯೇ? ಯಾವ ಮಳೆ?

"ಯಾಕ್ರಿ, ಕೈ ನೊಂದಾವೇನು?" ಎಂದಳು. ಉಳಿದದ್ದನ್ನೂ ಓದಿ, ಕಂದೀಲು ಹಚ್ಚಿಟ್ಟು ನಮಾಜಿಗೆ ಒಳಗೆ ಹೋದಳು.

ಒಬ್ಬನೇ ಕುಳಿತು ಗುಣಿಸಿದೆ. ಒಂದು ಬೆರಳು ಎರಡು ಜವೆ ಎಂದರೆ ತೊಂಬತ್ತನಾಲ್ಕು ಸೆಂಟು. ನಾಲ್ಕು ಬೆರಳು ಐದು ಜವೆ... ಮೂರು ಇಂಚು... ನಲವತ್ತೇಳು ಸೆಂಟು.

ಮೂರು ಸಲ ಗುಣಿಸಿದೆ. ನಲವತ್ತೇಳು. ರಿಜಿಸ್ಟರ್ ತೆಗೆದು ಪಕ್ಕದಲ್ಲಿಟ್ಟೆ. ಒಂಬತ್ತಕ್ಕೆ ಒಂಬತ್ತೂ ನನ್ನ ಅಂಕಿಗಳೇ! ನಾನು ಸೊನ್ನೆ ಬರೆದಲ್ಲಿ ಅವಳಿಗೂ ಏನಿಲ್ಲ.

ಆದರೆ ಸಾಲುಗಳು ಹೊಂದಲಿಲ್ಲ. ಅವಳು ಶುಕ್ರವಾರ ಎಂದದ್ದು ಶುಕ್ರವಾರ ರಾತ್ರಿಯ ಮಳೆಯಾದರೆ ನಮ್ಮ ಲೆಕ್ಕದಲ್ಲಿ ಶನಿವಾರ ಬೆಳಿಗ್ಗೆ ಎಂಟರ ಸಾಲಿಗೆ ಬರಬೇಕು. ನನ್ನದು ಶುಕ್ರವಾರ ಬೆಳಿಗ್ಗೆಯ ಸಾಲಿನಲ್ಲಿತ್ತು. ತಖ್ತೆಯಲ್ಲಿ ಒಂಬತ್ತು ದಿನವೂ ಹೀಗೇ, ಅವಳ ಅಂಕಿ ನನ್ನದಕ್ಕಿಂತ ಒಂದೊಂದು ಸಾಲು ಕೆಳಗೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ತಾಳೆಯಾಗುವುದಿಲ್ಲ, ಎಲ್ಲ ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡೆ.

ನಮಾಜು ಮುಗಿಸಿ ಬಂದ ಹುಸೇನಬಿ ತಖ್ತೆಯ ಮೇಲೆ ಬಗ್ಗಿದಳು. ಕನ್ನಡದ ವಾರಗಳನ್ನು ಓದುವಷ್ಟು ಅವಳಿಗೆ ಬರುತ್ತಿತ್ತು.

"ತಪ್ಪ ಬರದೀರಿ," ಎಂದಳು. "ನಮ್ಮ ದಿನ ಹೊತ್ತು ಮುಳುಗಿದ ಕೂಡ್ಲೇ ಸುರು ಆಗತೈತಿ. ನಿಮ್ಮ ಗುರುವಾರ ರಾತ್ರಿ ಅಂದ್ರ ನಮಗ ಆಗ್ಲೇ ಶುಕ್ರವಾರ. ಎಲ್ಲಾ ಒಂದೊಂದ ಸಾಲು ಮ್ಯಾಲ ತುಗೋರ್ರಿ."

ಗುರುವಾರ ರಾತ್ರಿ ಬಿದ್ದ ಮಳೆ ಶುಕ್ರವಾರ ಬೆಳಿಗ್ಗೆಯ ಸಾಲಿಗೇ ಬರುತ್ತದೆ. ಸವಣೂರಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಕಂತಲೇ ಮರೆತಿದ್ದೆ. ಹೊಡೆದುಹಾಕಿ ಮೇಲೆ ಬರೆದೆ. ಒಂಬತ್ತು ಸಾಲುಗಳೂ ಕೂತವು.

"ಅವ್ವಾ..." ಲೇಖಣಿ ಕೆಳಗಿಟ್ಟೆ. "ಆ ರಾತ್ರಿ ಖರೇನ ಮಳಿ ಬಂದಿತ್ತೇನ?"

"ಬಟ್ಟಲದಾಗ ಬಂದಿತ್ತು."

"ಮತ್ತ ಕೆರಿಗೆ?"

"ಕೆರೀದು ನನಗೇನ ಗೊತ್ತು? ನಮ್ಮ ಬಟ್ಟಲಕ್ಕ ಬಂದದ್ದನ್ನ ನಾ ಬರೀತೇನಿ. ಎಲ್ಲಿಂದ ಬಂತು ಅಂತ ಕೇಳೂದು ನಮ್ಮ ಕೆಲಸಲ್ಲ, ಅಂತಿದ್ದ ನಮ್ಮಪ್ಪ."

ಆಗಲೇ ಶುರುವಾದದ್ದು...

ಮೊದಲು ಒಂದೆರಡು ಹನಿ. ಟಪ್... ಟಪ್... ಎಲೆಯ ಮೇಲೆ ಬಿದ್ದ ಸದ್ದು. ಆಮೇಲೆ ತೋಟದ ಆ ತುದಿಯಿಂದ ಈ ತುದಿಗೆ ಓಡಿಬಂದ ಸದ್ದು. ಹಸಿಮಣ್ಣಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳ್ಳೆಯ ಮಳೆಯೇ! ಅವಸರದಲ್ಲಿ ಕಾಗದಗಳನ್ನು ಎದೆಗವಚಿಕೊಂಡು ಕಟ್ಟೆಗೆ ಬಂದೆ.

ಆಕಾಶದ ತುಂಬ ಚುಕ್ಕಿಗಳಿದ್ದವು.

ಅಂಗಳಕ್ಕೆ ಇಳಿದೆ. ಸದ್ದು ನನ್ನ ತಲೆಯ ಮೇಲೆ, ಭುಜದ ಮೇಲೆ, ಎಲ್ಲ ಕಡೆ. ಮೈಮೇಲೆ ಒಂದು ಹನಿ ಇಲ್ಲ. ಕಾಲಿನ ಕೆಳಗೆ ಧೂಳು. ಒಂದು ಎಲೆ ಹಿಡಿದೆ, ಒಣಗಿತ್ತು, ಬೆಚ್ಚಗಿತ್ತು. ಗಾಳಿಯೂ ಇರಲಿಲ್ಲ. ಒಂದೇ ಒಂದು ಎಲೆ ಅಲುಗುತ್ತಿರಲಿಲ್ಲ. ಸದ್ದು ಮಾತ್ರ...

ಎಷ್ಟು ಹೊತ್ತು ನಿಂತಿದ್ದೆನೋ. ಸದ್ದು ನಿಂತಿತು. ಹುಸೇನಬಿ ಕಂದೀಲು ಹಿಡಿದು ನಿಧಾನ ಬಂದಳು, ದಿನದ ಕೆಲಸಕ್ಕೆ ಬರುವವರ ಹಾಗೆ. ಬಟ್ಟಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳು ಇಳಿಬಿಟ್ಟಳು.

"ಎರಡ ಬೆರಳು, ಒಂದ ಜವಿ," ಎಂದಳು.

ಅವಳು ಎದ್ದ ಮೇಲೆ ನಾನು ಕೈ ಹಾಕಿದೆ. ತಳದವರೆಗೂ ಹಾಕಿದೆ. ಒಣಕಲ್ಲು.

ಓಡಿ ಒಳಗೆ ಬಂದೆ. ಅವಳು ಪುಸ್ತಕ ತೆರೆದು ಬರೆಯುತ್ತಿದ್ದಳು. ಅವಳ ಬೆರಳಿನ ತುದಿಯಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಮಸಿ ಹರಡಿತು. ಸೆರಗಿನಿಂದ ಒತ್ತಿದಳು.

"ನಿಮಗ ಕೇಳಿಸಲಿಲ್ಲೇನ್ರಿ ಮಳಿ?" ಎಂದು ನನ್ನನ್ನೇ ನೋಡಿ ಕೇಳಿದಳು.

ಕೇಳಿಸಲಿಲ್ಲ ಎಂದು ಹೇಳಬೇಕಿತ್ತು. ಆದರೆ ಕೇಳಿಸಿತ್ತಲ್ಲ!

ಉಂಡು ಹೋಗಿರಿ ಎಂದಳು. ಒಲ್ಲೆ ಎಂದು ಹೊರಬಿದ್ದೆ. ಕೆರೆ ಏರಿಯ ಮೇಲೆ ಬೀಡಿಯ ಕಿಡಿ ಕಂಡಿತು. ಫಕ್ಕೀರಪ್ಪ ಕಾಯುತ್ತ ಕುಳಿತಿದ್ದ.

"ಕಾರಕೂನರ, ಏನ್ ಬರದೈತ್ರಿ?"

"ನಾಳೆ ಕಚೇರಿಗೆ ಬಾ," ಎಂದು ನಿಲ್ಲದೆ ನಡೆದೆ.

ಹೆಂಡತಿ ಮಲಗಿದ್ದಳು. ಕೂಸು ಮಲಗಿತ್ತು. ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ, ನೀರು ಕುಡಿದೆ, ಹಿತ್ತಲಿಗೆ ಹೋಗಿ ನೆಲ ಮುಟ್ಟಿ ಬಂದೆ. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ಸೀಸೆ ತೆಗೆದೆ. ಹನಿ ಇಲ್ಲ. ರಿಜಿಸ್ಟರಿನಲ್ಲಿ ಸೊನ್ನೆ ಬರೆಯಲು ಮಾತ್ರ ಕೈ ಏಳಲಿಲ್ಲ. ಎರಡು ಬೆರಳು ಒಂದು ಜವೆ ಎಂದರೆ ಎಷ್ಟಾಗುತ್ತದೆ ಎಂದು ತಲೆ ತನ್ನಷ್ಟಕ್ಕೆ ಗುಣಿಸುತ್ತಿತ್ತು.

ಸಾಹೇಬರು ತಖ್ತೆ ನೋಡಿ ಮೇಜು ಕುಟ್ಟಿದರು. "ಶಾಬ್ಬಾಸ್! ನೂರು ವರ್ಷದ ಹಳೇ ಪದ್ಧತಿ, ನಮ್ಮ ಹೊಸ ಯಂತ್ರ, ಎರಡೂ ಸೆಂಟಿಗೆ ಸೆಂಟು ಕೂಡ್ತಾವಲ್ರಿ!"

ಫಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿದೆ. ಇನ್ನು ತಡೆಯಲಾಗಲಿಲ್ಲ.

"ಸಾಹೇಬ್ರ, ನನ್ನ ಅಂಕಿ ಸುಳ್ಳು," ಎಂದೆ. "ಆ ಒಂಬತ್ತು ದಿನ ನಾ ಇಲ್ಲಿ ಇರಲಿಲ್ಲ. ಹೇಳದ ಕೇಳದ ಹಿರೇಕೆರೂರಿಗೆ ಹೋಗಿದ್ದೆ. ಅಲ್ಲಿ ಕುಂತು ಮನಸಿಗೆ ಬಂದದ್ದು ಬರದೆ. ಬಂದು ನೋಡಿದ್ರ ಸೀಸೆ ಒಣಗಿತ್ತು. ಮಳಿ ಬಂದಿಲ್ಲ."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಂಗಾರ ಆ ಮುದುಕಿ ಪುಸ್ತಕಾನೂ ನೀವ ಬರದ್ರೇನು?"

"ಇಲ್ರಿ."

"ಮತ್ತ ಆಕೀಗೆ ನಿಮ್ಮ ಸುಳ್ಳು ಹೆಂಗ ಗೊತ್ತಾತು?"

ಅದು ನನಗೂ ಗೊತ್ತಿರಲಿಲ್ಲ. ಇವತ್ತಿಗೂ ಇಲ್ಲ. ಮಳೆ ಬಾರದೆ ಮಳೆ ಕೇಳಿಸಿತು ಎಂದು ಹೇಳಿದ್ದರೆ ನನ್ನನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಸಾಹೇಬರ ದನಿ ಮೆತ್ತಗಾಯಿತು. "ಬಡವನ ಮ್ಯಾಲೆ ಕನಿಕರ ಇರಬೇಕು, ಖರೆ. ಅದಕ್ಕಂತ ನೌಕರಿ ಕಳಕೋಬ್ಯಾಡ್ರಿ. ನೀವ ಹೇಳಿದ್ದು ನಾ ಕೇಳಿಲ್ಲ, ತಿಳೀತಿಲ್ಲೋ?"

ನಾನು ಫಕ್ಕೀರಪ್ಪನ ಕಡೆ ತಿರುಗಿದೆ. ಅವನಾದರೂ ಕೂಗಾಡಲಿ, ಕೊರಳಪಟ್ಟಿ ಹಿಡಿಯಲಿ ಎಂದು ಮನಸ್ಸು ಬೇಡುತ್ತಿತ್ತು. ಅವನು ಹತ್ತಿರ ಬಂದು ನನ್ನ ಕೈ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

"ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ ಕಾರಕೂನರ," ಎಂದ. "ಅವ್ವನ ಪುಸ್ತಕದಾಗ ಐತಿ ಅಂದಮ್ಯಾಲ ಮುಗೀತು. ನಾನ ಮಲಗಿದ್ನೇನೋ."

ವಾರದೊಳಗೆ ಏರಿಯ ಮೇಲಿನ ಮನೆ ಖಾಲಿಯಾಯಿತು. ನಾನು ಮೇಲಿನವರಿಗೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಮಳೆಯ ಕೆಲಸ ಒಲ್ಲೆ ಎಂದು ಬೇಡಿಕೊಂಡು ಹಾನಗಲ್ಲಿಗೆ ಹೋದೆ. ಮರುವರ್ಷ ಹುಸೇನಬಿ ತೀರಿಕೊಂಡಳೆಂದು ಕೇಳಿದೆ. ಆ ಪುಸ್ತಕಗಳು ಯಾರ ಕೈ ಸೇರಿದವೋ ಗೊತ್ತಿಲ್ಲ. ನಾನು ಕೂಡಿಸಿದ ತಖ್ತೆ ಮಾತ್ರ ಎಲ್ಲೋ ಒಂದು ಕಪಾಟಿನಲ್ಲಿ ಸತ್ಯವಾಗಿ ಕುಳಿತಿರಬೇಕು.

ನಾಲ್ಕೈದು ವರ್ಷದ ಮೇಲೆ, ಯುದ್ಧ ಮುಗಿದಿತ್ತು, ಮನಸ್ಸು ತಡೆಯದೆ ಹಿರೇಬೆಂಡಿಗೇರಿಗೆ ಹೋದೆ. ಫಕ್ಕೀರಪ್ಪ ಅಲ್ಲಿ ತಮ್ಮನ ಮನೆಯಲ್ಲಿದ್ದ. ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ಅವನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ಕೂಸು ಎಷ್ಟು ದೊಡ್ಡದಾಯಿತು ಎಂದು ಕೇಳಿದ. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮಳೆ ಬಂದಿಲ್ಲ ಫಕ್ಕೀರಪ್ಪ, ನಿನ್ನದು ತಪ್ಪಿಲ್ಲ, ಎಂದೆ.

ಅವನು ತಾಳ್ಮೆಯಿಂದ ಕೇಳಿ ತಲೆ ಅಲ್ಲಾಡಿಸಿದ.

"ಇಲ್ರಿ, ಬಂದಿತ್ತು," ಎಂದ. "ಆಮ್ಯಾಲ ನನಗ ಒಂದೊಂದ ನೆನಪಾತ್ರಿ. ನಡುರಾತ್ರಿ ಸುರು ಆತು. ಗಾಳಿ ಇರಲಿಲ್ಲ. ಎಲಿ ಮ್ಯಾಲ ಮೊದಲ ಒಂದೆರಡು ಹನಿ, ಆಮ್ಯಾಲ ತ್ವಾಟದ ಆ ಕಡಿಂದ ಓಡಿ ಬಂದಂಗ ಬಂತ್ರಿ. ಮಣ್ಣಿನ ವಾಸನಿ ಬಂತು. ನಾ ಕಂಬಳಿ ಹೊತ್ಕೊಂಡು ಮಲಗೇ ಇದ್ದೆ ನೋಡ್ರಿ, ಎದ್ದು ತೂಬು ನೋಡಲಿಲ್ಲ. ತಪ್ಪು ನಂದ."

ಹುಸೇನಬಿಯ ಅಂಗಳದಲ್ಲಿ ಕೇಳಿದ ಸದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನಿಗೂ ಅದೊಂದನ್ನು ಬಿಟ್ಟೇ ಹೇಳಿದ್ದೆ.

ಸಂಜೆ ಮೋಟಾರಿನಲ್ಲಿ ಕುಳಿತು ಗಂಡಸೆಂಬ ನಾಚಿಕೆ ಬಿಟ್ಟು ಅತ್ತೆ. ಫಕ್ಕೀರಪ್ಪ ಹೋಗಿ ಎಷ್ಟೋ ವರ್ಷವಾಯಿತು. ಆ ಮಳೆ ಬರಲಿಲ್ಲ ಎನ್ನುವವನು ಈಗ ನಾನೊಬ್ಬನೇ ಉಳಿದಿದ್ದೇನೆ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಚೆನ್ನಾಗಿ ನಿದ್ದೆ ಬರುತ್ತದೆ. ಚುಕ್ಕಿ ತುಂಬಿದ ಒಣ ರಾತ್ರಿಗಳಲ್ಲಿ ಮಾತ್ರ ಎದ್ದು ಕೂಡುತ್ತೇನೆ. ಏನೂ ಕೇಳಿಸುವುದಿಲ್ಲ. ಆದರೂ ಕುಳಿತಿರುತ್ತೇನೆ, ಬೆಳಗಾಗುವವರೆಗೆ...